ಅನುಮಾನಕ್ಕೂ ಮೊದಲೇ ದಾಖಲೆ: ಡೇಟಾ ರಿಟೆನ್ಶನ್ ಕಾನೂನು ಅಸಲಿಗೆ ಏನ್ ಮಾಡುತ್ತೆ

ಫೋನ್ ಟ್ಯಾಪಿಂಗ್ ಅಂದ್ರೆ ಎಲ್ರಿಗೂ ಅರ್ಥ ಆಗುತ್ತೆ. ಯಾರೋ ಕದ್ದು ಕೇಳ್ತಿದಾರೆ, ಅದು ತಪ್ಪು, ಗಲಾಟೆ ಆಗುತ್ತೆ, ಕುರ್ಚಿಗಳು ಅಲ್ಲಾಡುತ್ವೆ. ಡೇಟಾ ರಿಟೆನ್ಶನ್ ಅಂದ್ರೆ ಮಾತ್ರ ಯಾರ ನಿದ್ದೆನೂ ಕೆಡಲ್ಲ, ಹೆಸರೇ ಯಾವುದೋ ಆಫೀಸಿನ ಸರ್ಕ್ಯುಲರ್ ಥರ ಇದೆ. ಆದ್ರೆ ನನ್ನ ಕೇಳಿದ್ರೆ ಇದೇ ಹೆಚ್ಚು ಅಪಾಯದ್ದು, ಯಾಕಂದ್ರೆ ಟ್ಯಾಪ್ ಮಾಡ್ಬೇಕು ಅಂದ್ರೆ ಮೊದಲು ಒಬ್ಬರ ಮೇಲೆ ಅನುಮಾನ ಬರ್ಬೇಕು, ಒಂದು ಹೆಸರು ಇರ್ಬೇಕು, ಯಾರೋ ಒಬ್ಬ ಅಧಿಕಾರಿ ಸಹಿ ಹಾಕ್ಬೇಕು, ರೆಕಾರ್ಡಿಂಗ್ ಶುರು ಆಗೋದು ಅದಾದ್ಮೇಲೆ. ರಿಟೆನ್ಶನ್ ಕಾನೂನಿನಲ್ಲಿ ಈ ಕ್ರಮ ಪೂರ್ತಿ ಉಲ್ಟಾ. ಎಲ್ಲರ ದಾಖಲೆ ಮೊದಲೇ ರೆಡಿ ಇರುತ್ತೆ, ಅನುಮಾನ ಯಾವತ್ತಾದ್ರೂ ಬರಲಿ, ಬಂದ ದಿನ ವರ್ಷ ಎರಡು ವರ್ಷ ಹಿಂದಕ್ಕೆ ಹೋಗಿ ನೋಡಿದ್ರಾಯ್ತು.

ಕಾನೂನು ಕೇಳೋದು ಇಷ್ಟೇ. ಟೆಲಿಕಾಂ ಕಂಪನಿಗಳು, ಇಂಟರ್ನೆಟ್ ಕೊಡೋ ಕಂಪನಿಗಳು ತಮ್ಮ ಎಲ್ಲಾ ಗ್ರಾಹಕರ ಸಂಪರ್ಕದ ವಿವರಗಳನ್ನ ಇಂತಿಷ್ಟು ತಿಂಗಳು ಅಳಿಸದೇ ಇಟ್ಕೋಬೇಕು, ಪೊಲೀಸರೋ ಗುಪ್ತಚರ ಇಲಾಖೆಯೋ ಕೇಳಿದಾಗ ಕೊಡ್ಬೇಕು. ಬಿಲ್ ಹಾಕೋಕೆ ಅಂತ ಕಂಪನಿಗಳು ಮೊದಲಿಂದಲೂ ಒಂದಿಷ್ಟು ದಾಖಲೆ ಇಟ್ಕೊಳ್ತಿದ್ವು, ಬಿಲ್ ಕಟ್ಟಿ ತಕರಾರು ಅವಧಿ ಮುಗಿದ ಮೇಲೆ ಅಳಿಸ್ತಿದ್ವು. ಅನ್‌ಲಿಮಿಟೆಡ್ ಪ್ಲಾನ್ ಬಂದ್ಮೇಲಂತೂ ಯಾರು ಯಾರಿಗೆ ಎಷ್ಟು ಹೊತ್ತು ಮಾತಾಡಿದ್ರು ಅಂತ ಲೆಕ್ಕ ಇಡೋ ಅಗತ್ಯ ಬಿಸಿನೆಸ್ ದೃಷ್ಟಿಯಿಂದ ತುಂಬಾ ಕಮ್ಮಿ ಆಯ್ತು. ಅಂದ್ರೆ ತಾನಾಗೇ ಅಳಿದು ಹೋಗ್ತಿದ್ದ ವಿಷಯವನ್ನ ಕಾನೂನು ಬಂದು ಅಳಿಸಬೇಡಿ ಅಂತು.

ಇದರಲ್ಲಿ ಏನಿರುತ್ತೆ ಅಂತ ಹತ್ತಿರದಿಂದ ನೋಡೋಣ. ಒಂದು ಕಾಲ್‌ಗೆ ಒಂದು ಸಾಲು, ಇದಕ್ಕೆ ಸಿಡಿಆರ್, ಅಂದ್ರೆ ಕಾಲ್ ಡೀಟೇಲ್ ರೆಕಾರ್ಡ್ ಅಂತಾರೆ, ಪೊಲೀಸ್ ಸುದ್ದಿಗಳಲ್ಲಿ ಈ ಹೆಸರು ಕೇಳೇ ಇರ್ತೀರ. ಆ ಸಾಲಿನಲ್ಲಿ ಕಾಲ್ ಮಾಡಿದವರ ನಂಬರ್, ಆ ಕಡೆಯವರ ನಂಬರ್, ತಾರೀಖು, ಸೆಕೆಂಡ್ ಸಮೇತ ಟೈಮ್, ಎಷ್ಟು ಸೆಕೆಂಡ್ ಮಾತಾಡಿದ್ರು, ಕಾಲಾ ಎಸ್‌ಎಂಎಸ್ಸಾ, ಹ್ಯಾಂಡ್‌ಸೆಟ್‌ನ ಐಎಂಇಐ ನಂಬರ್, ಸಿಮ್‌ನ ಐಎಂಎಸ್‌ಐ ನಂಬರ್, ಆಮೇಲೆ ಎರಡು ಸೆಲ್ ಐಡಿ. ಕಾಲ್ ಶುರು ಆದಾಗ ಫೋನ್ ಯಾವ ಟವರ್‌ಗೆ ಅಂಟ್ಕೊಂಡಿತ್ತು, ಮುಗಿದಾಗ ಯಾವ ಟವರ್. ಈ ಕೊನೆ ಎರಡು ಕಾಲಂ ಇದೆಯಲ್ಲ, ಅದೇ ಆಟ. ಎರಡೂ ಟವರ್ ಒಂದೇ ಆಗಿದ್ರೆ ನೀವು ಕೂತ್ಕೊಂಡು ಮಾತಾಡಿದ್ರಿ, ಬೇರೆ ಬೇರೆ ಆಗಿದ್ರೆ ಹೆಚ್ಚುಕಮ್ಮಿ ಪ್ರಯಾಣದಲ್ಲಿದ್ರಿ. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಬರೋ ಟವರ್ ನಿಮ್ಮ ಮನೆ, ಹಗಲು ಬರೋದು ಕೆಲಸದ ಜಾಗ. ಬೇರೆ ಯಾರದ್ದೋ ರಾತ್ರಿ ಟವರ್ ಜೊತೆ ನಿಮ್ಮ ರಾತ್ರಿ ಟವರ್ ವಾರಕ್ಕೆ ಎರಡು ಸಲ ಹೊಂದಿಕೆ ಆಗ್ತಿದ್ರೆ, ಅದನ್ನ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಐಎಂಇಐ ಇರೋದ್ರಿಂದ ಸಿಮ್ ಬದಲಾಯಿಸಿದ್ರೂ ಹ್ಯಾಂಡ್‌ಸೆಟ್ ಅದೇ ಇದ್ರೆ ಹಳೇ ನಂಬರ್ ಹೊಸ ನಂಬರ್ ಎರಡೂ ಒಂದೇ ದಾರಕ್ಕೆ ಬರುತ್ತೆ.

ಸರ್ಕಾರಗಳು ಪ್ರತಿ ದೇಶದಲ್ಲೂ ಹೇಳೋ ಮಾತು ಒಂದೇ, ನಾವು ನಿಮ್ಮ ಮಾತು ಕೇಳಲ್ಲ, ಮೆಸೇಜ್ ಓದಲ್ಲ, ಬರೀ ಮೆಟಾಡೇಟಾ, ಅಂದ್ರೆ ಯಾರು ಯಾರಿಗೆ ಯಾವಾಗ ಎಲ್ಲಿಂದ ಅನ್ನೋ ವಿವರ. ಮಾತು ಕೇಳಲ್ಲ ಅನ್ನೋದು ನಿಜ. ಆ "ಬರೀ" ಮಾತ್ರ ಸುಳ್ಳು.

ಮಾಲ್ಟೆ ಸ್ಪಿಟ್ಸ್ ಅಂತ ಜರ್ಮನಿಯ ಗ್ರೀನ್ ಪಾರ್ಟಿ ರಾಜಕಾರಣಿ ಇದಾರೆ. ನನ್ನ ಬಗ್ಗೆ ಏನಿಟ್ಕೊಂಡಿದೀರ ಕೊಡಿ ಅಂತ ತಮ್ಮ ಟೆಲಿಕಾಂ ಕಂಪನಿ ಡಾಯ್ಚ ಟೆಲಿಕಾಂ ಅನ್ನ ಕೇಳಿದ್ರು, ಕೊಡಲಿಲ್ಲ, ಕೋರ್ಟಿಗೆ ಹೋದ್ರು, ಕೊನೆಗೆ ಸಿಕ್ತು. 2009ರ ಆಗಸ್ಟ್‌ನಿಂದ 2010ರ ಫೆಬ್ರವರಿವರೆಗೆ, ಆರು ತಿಂಗಳಿಗೆ 35,830 ಸಾಲುಗಳು. ಅದೂ ಆ ಕಡೆಯವರ ನಂಬರ್‌ಗಳನ್ನ ತೆಗೆದು ಕೊಟ್ಟಿದ್ದು. ಅವರು ಅದನ್ನ ಝೈಟ್ ಆನ್‌ಲೈನ್ ಪತ್ರಿಕೆಗೆ ಕೊಟ್ರು, 2011ರಲ್ಲಿ ಪತ್ರಿಕೆ ಅದನ್ನ ಮ್ಯಾಪ್ ಮೇಲೆ ಹಾಕ್ತು, ಅವರು ಟ್ವಿಟ್ಟರಲ್ಲಿ ತಾವೇ ಹಾಕ್ಕೊಂಡಿದ್ದ ವಿಷಯಗಳನ್ನೂ ಜೊತೆಗೆ ಸೇರಿಸ್ತು. ಪ್ಲೇ ಬಟನ್ ಒತ್ತಿದ್ರೆ ಒಂದು ಚುಕ್ಕೆ ದೇಶದ ತುಂಬಾ ಓಡಾಡುತ್ತೆ, ಯಾವ ರೈಲಿನಲ್ಲಿ ಹೋದ್ರು, ಯಾವ ಊರಲ್ಲಿ ರಾತ್ರಿ ಉಳಿದ್ರು, ಎಷ್ಟು ಗಂಟೆಗೆ ಫೋನ್ ಸುಮ್ಮನಾಯ್ತು, ಎಲ್ಲಾ ಕಾಣುತ್ತೆ. ಒಂದು ಮಾತೂ ರೆಕಾರ್ಡ್ ಆಗಿಲ್ಲ, ಆದ್ರೂ ಆರು ತಿಂಗಳ ಡೈರಿ ಅಲ್ಲಿತ್ತು, ಅವರೇ ಬರ್ಕೊಂಡಿದ್ರೂ ಇಷ್ಟು ಕರಾರುವಾಕ್ ಆಗಿ ಬರ್ಕೊಳ್ತಿರಲಿಲ್ಲ.

ಇನ್ನೊಂದು, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 800ಕ್ಕೂ ಹೆಚ್ಚು ಜನ ತಾವಾಗೇ ಕೊಟ್ಟ ಕಾಲ್ ಮತ್ತೆ ಮೆಸೇಜ್ ದಾಖಲೆಗಳನ್ನ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ರು. ಅದರಲ್ಲಿ ಒಬ್ಬರಿಗೆ ಹೃದ್ರೋಗ ವಿಭಾಗದಿಂದ ಒಂದು ಉದ್ದದ ಕಾಲ್ ಬಂದಿತ್ತು, ಒಂದು ಲ್ಯಾಬ್ ಜೊತೆ ಸಣ್ಣ ಮಾತು, ಔಷಧಿ ಅಂಗಡಿಯಿಂದ ಕೆಲವು ಕಾಲ್, ಆಮೇಲೆ ಹೃದಯದ ಬಡಿತ ಏರುಪೇರು ಗಮನಿಸೋ ಒಂದು ಸಾಧನದ ಹಾಟ್‌ಲೈನ್‌ಗೆ ಕಾಲ್. ಕಾಯಿಲೆ ಏನು ಅಂತ ಹೇಳೋಕೆ ಡಾಕ್ಟರ್ ಆಗ್ಬೇಕಾ? ಜಾಗದ ವಿಷಯಕ್ಕೆ ಬಂದ್ರೆ 2013ರ ಇನ್ನೊಂದು ಅಧ್ಯಯನ 15 ಲಕ್ಷ ಜನರ 15 ತಿಂಗಳ ಮೊಬೈಲ್ ಲೊಕೇಶನ್ ಡೇಟಾ ತಗೊಂಡು ನೋಡಿದಾಗ, ಹೆಸರು ನಂಬರ್ ಎಲ್ಲಾ ತೆಗೆದ ಮೇಲೂ, ಬರೀ ನಾಲ್ಕು ಜಾಗ ಮತ್ತೆ ಆ ನಾಲ್ಕರ ಸಮಯ ಗೊತ್ತಿದ್ರೆ 95% ಜನರನ್ನ ಗುಂಪಿನಿಂದ ಬೇರೆ ಮಾಡಿ ತೆಗೀಬಹುದು ಅಂತ ಗೊತ್ತಾಯ್ತು. ಅಮೆರಿಕದ ಎನ್‌ಎಸ್‌ಎ ಮತ್ತೆ ಸಿಐಎ ಎರಡೂ ಗುಪ್ತಚರ ಸಂಸ್ಥೆಗಳಿಗೆ ಮುಖ್ಯಸ್ಥರಾಗಿದ್ದ ಮೈಕೆಲ್ ಹೇಡನ್ 2014ರಲ್ಲಿ ಒಂದು ಚರ್ಚೆಯಲ್ಲಿ ಬಾಯಿಬಿಟ್ಟು ಹೇಳಿದ್ರು, ನಾವು ಮೆಟಾಡೇಟಾ ಆಧಾರದ ಮೇಲೆ ಜನರನ್ನ ಕೊಲ್ತೀವಿ ಅಂತ. ಅಷ್ಟು ನಂಬಿಕೆ ಅವರಿಗಿರೋ ವಸ್ತುವನ್ನ ನಾವು "ಬರೀ" ಅಂತ ಕರೀಬೇಕಂತೆ.

ಇಂಟರ್ನೆಟ್ ಕಡೆ ವಿಷಯ ಇನ್ನೂ ಸ್ವಲ್ಪ ಜಟಿಲ, ಇಲ್ಲಿ ಬೇಕಾದಷ್ಟು ಜನ ಎಡವ್ತಾರೆ. ಐಪಿ ವಿಳಾಸ, ಅಂದ್ರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಕನೆಕ್ಷನ್ ಗುರುತಿಸೋ ನಂಬರ್, ಅದನ್ನ ಮಾತ್ರ ಇಟ್ಕೊಳ್ತೀವಿ ಅಂದ್ರೆ ನಿರಪಾಯ ಅನ್ಸುತ್ತೆ. ಆದ್ರೆ ಹಳೇ ಮಾದರಿಯ ಐಪಿ ವಿಳಾಸಗಳು ಸಾಲದೇ ಮೊಬೈಲ್ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸವನ್ನ ಒಂದೇ ಸಮಯದಲ್ಲಿ ನೂರಾರು ಗ್ರಾಹಕರಿಗೆ ಹಂಚುತ್ವೆ, ಕ್ಯಾರಿಯರ್ ಗ್ರೇಡ್ ನ್ಯಾಟ್ ಅಂತಾರೆ ಇದಕ್ಕೆ. ಹಾಗಾಗಿ ಪೊಲೀಸರು ಈ ಐಪಿ ಇಷ್ಟು ಗಂಟೆಗೆ ಯಾರದ್ದು ಅಂತ ಕೇಳಿದ್ರೆ ಕಂಪನಿ ಹತ್ರ ಒಂದು ಹೆಸರು ಇರಲ್ಲ, ನೂರಾರು ಹೆಸರು ಇರುತ್ತೆ. ಒಂದೇ ಹೆಸರಿಗೆ ಇಳಿಸ್ಬೇಕು ಅಂದ್ರೆ ಯಾವ ಗ್ರಾಹಕ ಯಾವ ಪೋರ್ಟ್ ನಂಬರ್ (ಒಂದೇ ವಿಳಾಸದೊಳಗೆ ಒಂದೊಂದು ಕನೆಕ್ಷನ್ನನ್ನ ಬೇರೆ ಮಾಡೋ ನಂಬರ್) ಬಳಸ್ದ, ಯಾವ ಸೆಕೆಂಡಲ್ಲಿ, ಕೆಲವು ಕಡೆ ಯಾವ ಸರ್ವರ್ ಕಡೆಗೆ ಅನ್ನೋದನ್ನೂ ಬರೆದಿಡ್ಬೇಕು. ನೀವು ಒಂದು ಆಪ್ ತೆರೆದ್ರೆ ಹಿಂದೆ ಇಂಥ ಹತ್ತಾರು ಕನೆಕ್ಷನ್ ಹುಟ್ಟುತ್ವೆ. ಹೋದ ಕಡೆಯ ವಿಳಾಸವನ್ನೂ ಇಟ್ಕೊಂಡ್ರೆ ಅದು ಹೆಚ್ಚುಕಮ್ಮಿ ನಿಮ್ಮ ಬ್ರೌಸಿಂಗ್ ಹಿಸ್ಟರಿನೇ ಆಗೋಯ್ತು. ವಾಟ್ಸಾಪ್ ಎನ್‌ಕ್ರಿಪ್ಟೆಡ್ ಅಲ್ವಾ ಅಂತ ಸಮಾಧಾನ ಪಟ್ಕೊಳ್ಳೋರಿಗೆ ಹೇಳೋದು ಇದನ್ನೇ, ಎನ್‌ಕ್ರಿಪ್ಶನ್ ಮಾತನ್ನ ಮುಚ್ಚುತ್ತೆ, ನೀವು ಯಾವಾಗ ಎಲ್ಲಿಂದ ಕನೆಕ್ಟ್ ಆದ್ರಿ ಅನ್ನೋದನ್ನ ಮುಚ್ಚಲ್ಲ.

ಈ ಕಾನೂನುಗಳು ಬಂದ ಕಥೆ ಯುರೋಪಿನಿಂದ ಹೇಳಿದ್ರೆ ಸುಲಭ. 2004ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್, 2005ರ ಜುಲೈನಲ್ಲಿ ಲಂಡನ್‌ನಲ್ಲಿ. ಆ ಬಿಸಿಯಲ್ಲೇ 2006ರ ಮಾರ್ಚ್‌ನಲ್ಲಿ ಯುರೋಪಿಯನ್ ಯೂನಿಯನ್ ಒಂದು ಡೈರೆಕ್ಟಿವ್, ಅಂದ್ರೆ ಸದಸ್ಯ ದೇಶಗಳು ತಮ್ಮ ಕಾನೂನಿಗೆ ಇಳಿಸಲೇಬೇಕಾದ ನಿರ್ದೇಶನ, ತಂತು, ಎಲ್ಲಾ ಸದಸ್ಯ ದೇಶಗಳೂ ಎಲ್ಲಾ ಪ್ರಜೆಗಳ ಸಂಪರ್ಕದ ದಾಖಲೆಯನ್ನ ಕಮ್ಮಿ ಅಂದ್ರೆ 6 ತಿಂಗಳು, ಹೆಚ್ಚು ಅಂದ್ರೆ 24 ತಿಂಗಳು ಇಡಿಸ್ಬೇಕು ಅಂತ. ಆ ಕಡೆಯವರು ಎತ್ತದೇ ಇದ್ದ ಕಾಲ್ ಕೂಡ, ಕಂಪನಿ ಅದರ ದಾಖಲೆ ಮಾಡ್ತಿದ್ರೆ, ಈ ಲೆಕ್ಕದಲ್ಲಿ ಬರುತ್ತಿತ್ತು. ಕೋಟ್ಯಂತರ ಜನ, ಅವರಲ್ಲಿ ಬಹುಪಾಲು ಜನರ ಮೇಲೆ ಯಾವ ಅನುಮಾನನೂ ಇಲ್ಲ, ವಕೀಲರು, ವೈದ್ಯರು, ಪತ್ರಕರ್ತರು, ಪಾದ್ರಿಗಳು ಯಾರಿಗೂ ವಿನಾಯಿತಿ ಇಲ್ಲ.

ಕೋರ್ಟುಗಳು ಇದನ್ನ ಒಂದೊಂದಾಗಿ ಕಿತ್ತು ಹಾಕಿದ್ದು ನಿಜಕ್ಕೂ ಓದೋಕೆ ಚೆನ್ನಾಗಿದೆ. 2009ರಲ್ಲಿ ರೊಮೇನಿಯಾದ ಸಾಂವಿಧಾನಿಕ ಕೋರ್ಟ್ ತನ್ನ ದೇಶದ ಕಾನೂನನ್ನ ರದ್ದು ಮಾಡ್ತು. 2010ರ ಮಾರ್ಚ್ 2ಕ್ಕೆ ಜರ್ಮನಿ, ಅಲ್ಲಿ ಸುಮಾರು 35,000 ಜನ ಒಟ್ಟಿಗೆ ಅರ್ಜಿ ಹಾಕಿದ್ರು, ಕೋರ್ಟ್ ಕಾನೂನನ್ನ ಬೀಳಿಸಿದ್ದಷ್ಟೇ ಅಲ್ಲ, ಇಟ್ಕೊಂಡಿರೋ ಡೇಟಾವನ್ನ ತಡ ಮಾಡದೇ ಅಳಿಸಿ ಅಂತು. ಆಮೇಲೆ ಚೆಕ್ ದೇಶ. ಕೊನೆಗೆ 2014ರ ಏಪ್ರಿಲ್ 8ಕ್ಕೆ ಯುರೋಪಿನ ನ್ಯಾಯಾಲಯ, ಡಿಜಿಟಲ್ ರೈಟ್ಸ್ ಐರ್ಲೆಂಡ್ ಅನ್ನೋ ಒಂದು ಸಣ್ಣ ಸಂಸ್ಥೆ ಹಾಕಿದ್ದ ಕೇಸಿನಲ್ಲಿ, ಡೈರೆಕ್ಟಿವ್ ಅನ್ನೇ ಪೂರ್ತಿ ಅಸಿಂಧು ಮಾಡ್ತು. ಕೊಟ್ಟ ಕಾರಣಗಳು ಸರಳ. ಅಪರಾಧಕ್ಕೂ ತನಗೂ ದೂರದ ಸಂಬಂಧನೂ ಇಲ್ಲದವರ ದಾಖಲೆ ಇಡ್ತೀರ, ಯಾರು ಯಾವಾಗ ನೋಡಬಹುದು ಅನ್ನೋದಕ್ಕೆ ಗಟ್ಟಿ ಮಾನದಂಡ ಇಲ್ಲ, ನೋಡೋ ಮೊದಲು ಕೋರ್ಟ್ ಅಥವಾ ಸ್ವತಂತ್ರ ಸಂಸ್ಥೆಯ ಒಪ್ಪಿಗೆ ಬೇಕಿಲ್ಲ, ವೃತ್ತಿಯ ಗುಟ್ಟು ಕಾಯಬೇಕಾದವರಿಗೆ ರಕ್ಷಣೆ ಇಲ್ಲ. ಇದಕ್ಕೆಲ್ಲಾ ಮೇಲೆ, ತಾವು ಸದಾ ಕಣ್ಗಾವಲಿನಲ್ಲಿದೀವಿ ಅನ್ನೋ ಭಾವನೆ ಜನರ ಮನಸ್ಸಲ್ಲಿ ಹುಟ್ಟುತ್ತೆ ಅಂತ ಕೋರ್ಟ್ ಬರೀತು.

ಸರಿ, ಗೆದ್ದಾಯ್ತು ಅನ್ಕೊಂಡ್ರೆ ಅಲ್ಲೇ ಮೋಸ. ಬ್ರಿಟನ್ ಸರ್ಕಾರ ಅದೇ 2014ರ ಜುಲೈನಲ್ಲಿ ತುರ್ತು ಅಂತ ಹೇಳಿ ಹೊಸ ಕಾನೂನನ್ನ ಒಂದೇ ವಾರದೊಳಗೆ ಪಾರ್ಲಿಮೆಂಟಿನಲ್ಲಿ ಪಾಸ್ ಮಾಡಿಸ್ತು, ಸಂಸದರಿಗೆ ಸರಿಯಾಗಿ ಓದೋಕೂ ಟೈಮ್ ಇರಲಿಲ್ಲ. ಅದನ್ನ ಎರಡು ಬೇರೆ ಬೇರೆ ಪಕ್ಷದ ಸಂಸದರೇ ಕೋರ್ಟಿಗೆ ಎಳೆದ್ರು, 2016ರ ಡಿಸೆಂಬರ್‌ನಲ್ಲಿ ಯುರೋಪಿನ ಕೋರ್ಟ್ ಸ್ವೀಡನ್‌ನ ಟೆಲೆ2 ಕಂಪನಿಯ ಕೇಸಿನ ಜೊತೆ ಸೇರಿಸಿ ಮತ್ತೆ ಹೇಳ್ತು, ಎಲ್ಲರದ್ದನ್ನೂ ಸಾರಾಸಗಟಾಗಿ ಇಡೋದು ಆಗಲ್ಲ ಅಂತ. ಅಷ್ಟರಲ್ಲಿ ಬ್ರಿಟನ್ ಇನ್ನೂ ದೊಡ್ಡ ಕಾನೂನು ಮಾಡಿ ಆಗಿತ್ತು, 2016ರ ಇನ್ವೆಸ್ಟಿಗೇಟರಿ ಪವರ್ಸ್ ಆಕ್ಟ್, ಅದರಲ್ಲಿ ಯಾವ ಯಾವ ವೆಬ್‌ಸೈಟಿಗೆ ಕನೆಕ್ಟ್ ಆದ್ರಿ ಅನ್ನೋ ದಾಖಲೆಯನ್ನೂ 12 ತಿಂಗಳವರೆಗೆ ಇಡಿಸಬಹುದು. ಆ ಕಾನೂನಿನಡಿ ಸಂಪರ್ಕದ ಡೇಟಾ ಕೇಳೋ ಅಧಿಕಾರ ಇರೋ ಸಂಸ್ಥೆಗಳ ಪಟ್ಟಿ ತೆಗೆದು ನೋಡಿದ್ರೆ ಭಯೋತ್ಪಾದನೆ ಎಲ್ಲಿ ಹೋಯ್ತು ಅನ್ಸುತ್ತೆ, ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ, ಜೂಜಿನ ಕಮಿಷನ್ ಎಲ್ಲಾ ಅದರಲ್ಲಿವೆ. ಈ ಕಾನೂನುಗಳ ಹುಟ್ಟುಗುಣವೇ ಇದು, ಬಾಂಬ್ ಹೆಸರಲ್ಲಿ ಒಳಗೆ ಬರುತ್ವೆ, ಒಳಗೆ ಬಂದ್ಮೇಲೆ ಕೈ ಚಾಚ್ತಾ ಹೋಗುತ್ವೆ. ಸರ್ಕಾರಗಳ ಒತ್ತಡಕ್ಕೆ ಕೋರ್ಟ್ ಕೂಡ ಸ್ವಲ್ಪ ಸ್ವಲ್ಪ ಬಾಗಿದೆ. 2020ರ ತೀರ್ಪಿನಲ್ಲಿ ದೇಶದ ಭದ್ರತೆಗೆ ನಿಜವಾದ ಗಂಭೀರ ಬೆದರಿಕೆ ಇದ್ರೆ ನಿಗದಿತ ಕಾಲಕ್ಕೆ ಇಡಬಹುದು ಅಂತು, ಐಪಿ ವಿಳಾಸಗಳಿಗೆ ಸಡಿಲ ಕೊಡ್ತು. ಆದ್ರೂ 2022ರಲ್ಲಿ ಜರ್ಮನಿಯ 4 ಮತ್ತು 10 ವಾರಗಳ ಸಣ್ಣ ಅವಧಿಯ ಕಾನೂನೂ ಬಿತ್ತು. ಮತ್ತೆ 2024ರಲ್ಲಿ ಫ್ರಾನ್ಸಿನ ಕೇಸಿನಲ್ಲಿ, ಸಿನಿಮಾ ಹಾಡು ಅಕ್ರಮವಾಗಿ ಡೌನ್‌ಲೋಡ್ ಮಾಡಿದವರನ್ನ ಹಿಡಿಯೋಕೂ ಐಪಿ ದಾಖಲೆ ನೋಡಬಹುದು ಅಂತ, ಷರತ್ತುಗಳ ಮೇಲೆ, ಒಪ್ಕೊಂಡಾಯ್ತು. 2025ರಲ್ಲಿ ಬಂದ ಜರ್ಮನಿಯ ಹೊಸ ಮೈತ್ರಿ ಸರ್ಕಾರದ ಒಪ್ಪಂದದಲ್ಲೇ ಐಪಿ ವಿಳಾಸಗಳನ್ನ ಮೂರು ತಿಂಗಳು ಇಡಿಸ್ತೀವಿ ಅಂತಿದೆ.

ಆಸ್ಟ್ರೇಲಿಯಾ 2015ರಲ್ಲಿ ಎರಡು ವರ್ಷದ ಕಾನೂನು ಮಾಡ್ತು. ಪತ್ರಕರ್ತರ ಮೂಲಗಳನ್ನ ಹುಡುಕೋಕೆ ಇದನ್ನ ಬಳಸ್ತಾರೆ ಅಂತ ಗಲಾಟೆ ಆಗಿ, ಪತ್ರಕರ್ತರ ಡೇಟಾ ನೋಡ್ಬೇಕಾದ್ರೆ ವಿಶೇಷ ವಾರಂಟ್ ಬೇಕು ಅಂತ ಸೇರಿಸಿದ್ರು. 2017ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ಪೊಲೀಸರೇ ಒಪ್ಕೊಂಡ್ರು, ವಾರಂಟ್ ಇಲ್ಲದೇ ಒಬ್ಬ ಪತ್ರಕರ್ತರ ಕಾಲ್ ದಾಖಲೆ ನೋಡಿಬಿಟ್ವಿ ಅಂತ. ಅಮೆರಿಕದಲ್ಲಿ ಯುರೋಪ್ ಮಾದರಿಯ ಸಾರ್ವತ್ರಿಕ ರಿಟೆನ್ಶನ್ ಕಾನೂನು ಇಲ್ಲ, ಆದ್ರೆ ಕಂಪನಿಗಳು ತಾವೇ ಬೇಕಾದಷ್ಟು ಇಟ್ಕೊಳ್ತಾವೆ. 2018ರ ಕಾರ್ಪೆಂಟರ್ ಕೇಸಿನಲ್ಲಿ ಅಂಗಡಿ ದರೋಡೆ ಆರೋಪಿಯೊಬ್ಬನ 127 ದಿನಗಳ 12,898 ಲೊಕೇಶನ್ ಬಿಂದುಗಳನ್ನ ಸರಿಯಾದ ವಾರಂಟ್ ಇಲ್ಲದೇ ತಗೊಂಡಿದ್ರು, ಸುಪ್ರೀಂ ಕೋರ್ಟ್ 5-4ರಲ್ಲಿ ಅದು ತಪ್ಪು ಅಂತ ಹೇಳ್ತು. ಹೇಳಿದ್ದು ತೆಗೆದುಕೊಳ್ಳೋದರ ಬಗ್ಗೆ, ಇಟ್ಕೊಳ್ಳೋದರ ಬಗ್ಗೆ ಅಲ್ಲ.

ಭಾರತದಲ್ಲಿ ಇದು ಪಾರ್ಲಿಮೆಂಟಿನಲ್ಲಿ ಚರ್ಚೆ ಆಗಿ ಬಂದ ಕಾನೂನು ಅಂತಾನೂ ಅಲ್ಲ, ಹೆಚ್ಚಿನದು ಲೈಸೆನ್ಸ್ ಷರತ್ತು ಮತ್ತು ಇಲಾಖೆ ಆದೇಶಗಳ ರೂಪದಲ್ಲಿ ಬಂದಿದೆ, ಹಾಗಾಗಿ ಸುದ್ದಿನೂ ಆಗಲ್ಲ. ಟೆಲಿಕಾಂ ಕಂಪನಿಗಳು ಕಾಲ್ ಮತ್ತು ಐಪಿ ದಾಖಲೆಗಳನ್ನ ಒಂದು ವರ್ಷ ಇಡ್ಬೇಕು ಅಂತಿದ್ದ ಷರತ್ತನ್ನ 2021ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಏರಿಸಿದ್ರು, ಲೈಸೆನ್ಸ್ ತಿದ್ದುಪಡಿ, ಮುಗೀತು. 2022ರ ಏಪ್ರಿಲ್ 28ಕ್ಕೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸ್ತು, ಎಲ್ಲಾ ಕಂಪನಿಗಳೂ ತಮ್ಮ ಸಿಸ್ಟಂಗಳ ಲಾಗ್‌ಗಳನ್ನ (ಸಿಸ್ಟಂ ತಾನೇ ಬರೆದಿಡೋ ಚಟುವಟಿಕೆ ದಾಖಲೆ) 180 ದಿನ ಇಡ್ಬೇಕು, ವಿಪಿಎನ್ (ನಿಮ್ಮ ಇಂಟರ್ನೆಟ್ ಸಂಪರ್ಕವನ್ನ ತನ್ನ ಸರ್ವರ್ ಮೂಲಕ ಮರೆಮಾಡಿ ಕಳಿಸೋ ಸೇವೆ) ಮತ್ತು ಕ್ಲೌಡ್ ಕಂಪನಿಗಳು ಗ್ರಾಹಕರ ನಿಜವಾದ ಹೆಸರು, ವಿಳಾಸ, ಕೊಟ್ಟ ಐಪಿ, ಯಾಕೆ ಈ ಸೇವೆ ತಗೊಂಡ್ರು ಅನ್ನೋ ಉದ್ದೇಶ, ಇಷ್ಟನ್ನೂ ಗ್ರಾಹಕ ಬಿಟ್ಟು ಹೋದ್ಮೇಲೂ 5 ವರ್ಷ ಇಡ್ಬೇಕು. ಲಾಗ್ ಇಟ್ಕೊಳ್ಳಲ್ಲ ಅನ್ನೋದನ್ನೇ ಮಾರೋ ವಿಪಿಎನ್ ಕಂಪನಿಗಳಿಗೆ ಇದು ಅಂಗಡಿ ಮುಚ್ಚಿ ಅಂದ ಹಾಗೆ, ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ತಮ್ಮ ಸರ್ವರ್‌ಗಳನ್ನ ಭಾರತದಿಂದ ಕಿತ್ಕೊಂಡು ಹೋದ್ವು. ಆಮೇಲೆ ಖಾಸಗಿತನ ಕಾಪಾಡೋಕೆ ಅಂತಾನೇ ಬಂದ 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಆಕ್ಟ್. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದ್ವು, ಜಾರಿ ಹಂತ ಹಂತವಾಗಿ, ಅದರಲ್ಲಿ ಏನಿದೆ ಅಂದ್ರೆ, ವೈಯಕ್ತಿಕ ಡೇಟಾ ಮತ್ತು ಅದರ ಟ್ರಾಫಿಕ್ ಲಾಗ್‌ಗಳನ್ನ ಕನಿಷ್ಠ ಒಂದು ವರ್ಷ ಇಡ್ಬೇಕು, ಸರ್ಕಾರಕ್ಕೆ ದೇಶದ ಭದ್ರತೆ ಥರದ ಉದ್ದೇಶಗಳಿಗೆ ಬೇಕಾಗಬಹುದು ಅಂತ. ನಿಮ್ಮ ಡೇಟಾ ಅಳಿಸೋ ಹಕ್ಕು ಕೊಡೋ ಕಾನೂನಿನ ಕೆಳಗೇ ಅಳಿಸಬೇಡಿ ಅನ್ನೋ ನಿಯಮ. ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ಇಡೀ ಕಾನೂನಿನಿಂದಲೇ ವಿನಾಯಿತಿ ಕೊಡಬಹುದು, ಅದು 17ನೇ ಸೆಕ್ಷನ್.

ನಮ್ಮ ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು ಇದೆಯಲ್ಲ ಅಂತೀರ. ಇದೆ, ಒಂಬತ್ತು ಜಡ್ಜ್‌ಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿದಾರೆ, ಸರ್ಕಾರ ಅದನ್ನ ಮೊಟಕು ಮಾಡ್ಬೇಕಾದ್ರೆ ಕಾನೂನು ಇರ್ಬೇಕು, ನ್ಯಾಯಯುತ ಉದ್ದೇಶ ಇರ್ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮೊಟಕು ಇರ್ಬೇಕು ಅಂತ. ಅದೇ ಕೊನೆ ಅಳತೆಗೋಲಿನಲ್ಲೇ ಯುರೋಪಿನ ಕೋರ್ಟ್ ಡೈರೆಕ್ಟಿವ್ ಅನ್ನ ಅಳೆದು ಬೀಳಿಸಿದ್ದು. ಆದ್ರೆ ಟ್ಯಾಪಿಂಗ್‌ಗೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಸಿಡಿಆರ್ ತರಿಸೋಕೆ ಪೊಲೀಸ್ ಇಲಾಖೆ ಒಳಗಿನ ಅಧಿಕಾರಿಯ ಪತ್ರ ಸಾಕು, ಜಡ್ಜ್ ಮುಂದೆ ಹೋಗ್ಬೇಕಾಗಿಲ್ಲ. ಇದರ ರುಚಿ ಎಂಥವರಿಗೂ ಸಿಕ್ಕಿದೆ. 2013ರಲ್ಲಿ ಅರುಣ್ ಜೇಟ್ಲಿ ಅವರು ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದಾಗ ಅವರ ಕಾಲ್ ದಾಖಲೆಯನ್ನ ಅಕ್ರಮವಾಗಿ ತೆಗೆಸೋಕೆ ಹೋದ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದು ಯಾರು, ದೆಹಲಿ ಪೊಲೀಸ್‌ನ ಒಬ್ಬ ಕಾನ್‌ಸ್ಟೇಬಲ್ ಮತ್ತೆ ಖಾಸಗಿ ಪತ್ತೇದಾರರು. ವಿರೋಧ ಪಕ್ಷದ ನಾಯಕರ ಗತಿನೇ ಹೀಗಾದ್ರೆ ಡಿವೋರ್ಸ್ ಕೇಸಿನಲ್ಲಿ ಗಂಡನೋ ಹೆಂಡತಿಯೋ ಪತ್ತೇದಾರನಿಗೆ ದುಡ್ಡು ಕೊಟ್ಟು ತರಿಸೋದು ಎಷ್ಟು ಕಷ್ಟ ಇರಬಹುದು ನೀವೇ ಯೋಚನೆ ಮಾಡಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳ್ಬೇಕು, ಇಂಥ ಚರ್ಚೆ ಯಾವಾಗಲೂ ಒಳ್ಳೇ ಸರ್ಕಾರ ಕೆಟ್ಟ ಸರ್ಕಾರ ಅನ್ನೋ ಕಡೆ ಜಾರುತ್ತೆ. ಸರ್ಕಾರ ಎಷ್ಟೇ ಒಳ್ಳೇದಿರಲಿ, ದಾಖಲೆಗಳ ರಾಶಿ ಇದೆ ಅಂದ್ಮೇಲೆ ರಾಶಿಗೆ ಕೈ ಹಾಕೋರು ಸರ್ಕಾರದವರೇ ಆಗಿರ್ಬೇಕು ಅಂತಿಲ್ಲ. ಡಾಯ್ಚ ಟೆಲಿಕಾಂ ಕಂಪನಿನೇ 2005-06ರಲ್ಲಿ ತನ್ನ ಬೋರ್ಡ್ ಮಾತುಕತೆ ಪತ್ರಿಕೆಗಳಿಗೆ ಸೋರ್ತಿದೆ ಅಂತ ಪತ್ರಕರ್ತರ ಮತ್ತೆ ತನ್ನದೇ ನಿರ್ದೇಶಕರ ಕಾಲ್ ದಾಖಲೆಗಳನ್ನ ಜಾಲಾಡಿತ್ತು, 2008ರಲ್ಲಿ ಬಯಲಾಯ್ತು, ಭದ್ರತಾ ವಿಭಾಗದ ಒಬ್ಬ ಮಾಜಿ ಅಧಿಕಾರಿಗೆ ಜೈಲಾಯ್ತು. 2024ರ ಜುಲೈನಲ್ಲಿ ಅಮೆರಿಕದ ಟೆಲಿಕಾಂ ಕಂಪನಿ ಎಟಿ ಅಂಡ್ ಟಿ ಹೇಳ್ಕೊಂಡ ಪ್ರಕಾರ ಅದರ ಹೆಚ್ಚುಕಮ್ಮಿ ಎಲ್ಲಾ ಮೊಬೈಲ್ ಗ್ರಾಹಕರ 2022ರ ಮೇ ಇಂದ ಅಕ್ಟೋಬರ್‌ವರೆಗಿನ ಕಾಲ್ ಮತ್ತು ಮೆಸೇಜ್ ದಾಖಲೆ ಹ್ಯಾಕರ್‌ಗಳ ಪಾಲಾಗಿತ್ತು, ಅಂದ್ರೆ ಯಾರು ಯಾರ ಜೊತೆ ಮಾತಾಡ್ತಾರೆ ಅನ್ನೋ ಇಡೀ ಜಾಲ. ಅದೇ ವರ್ಷ ಸಾಲ್ಟ್ ಟೈಫೂನ್ ಅಂತ ಹೆಸರಿಟ್ಟ, ಚೀನಾ ಸರ್ಕಾರದ ನಂಟಿದೆ ಅಂತ ಅಮೆರಿಕ ಹೇಳೋ ಗುಂಪು ಅಲ್ಲಿನ ಟೆಲಿಕಾಂ ಕಂಪನಿಗಳೊಳಗೆ ನುಗ್ಗಿ ಕೂತಿದ್ದೂ ಗೊತ್ತಾಯ್ತು. ಆ ಡೇಟಾ ಕಾನೂನಿಗಾಗಿ ಇಟ್ಟಿದ್ದೋ ಬಿಸಿನೆಸ್‌ಗಾಗಿ ಇಟ್ಟಿದ್ದೋ ಅನ್ನೋದು ಕದಿಯೋನಿಗೆ ಸಂಬಂಧ ಇಲ್ಲ, ಇತ್ತು ಅನ್ನೋದಷ್ಟೇ ಸಾಕು.

ದುರುಪಯೋಗ, ಕಳ್ಳತನ ಎಲ್ಲಾ ಬಿಟ್ಟು ಬರೀ ಪ್ರಾಮಾಣಿಕ ಬಳಕೆ ಅಂತಾನೇ ಇಟ್ಕೊಳ್ಳಿ. 2019ರಲ್ಲಿ ಡೆನ್ಮಾರ್ಕ್‌ನಲ್ಲಿ ಏನಾಯ್ತು ಅಂದ್ರೆ, ಟೆಲಿಕಾಂ ಕಂಪನಿಗಳಿಂದ ಬರೋ ಕಚ್ಚಾ ಡೇಟಾವನ್ನ ಓದೋ ರೂಪಕ್ಕೆ ತರೋ ಪೊಲೀಸ್ ಸಾಫ್ಟ್‌ವೇರ್ ಮಧ್ಯೆ ಕೆಲವು ಕಾಲ್‌ಗಳನ್ನ ನುಂಗ್ತಿತ್ತು, ಹಾಗಾಗಿ ಫೋನ್ ಎಲ್ಲಿತ್ತು ಅನ್ನೋ ಚಿತ್ರ ತಪ್ಪಾಗಿ ಬರುತ್ತಿತ್ತು, ಕೆಲವು ಟವರ್‌ಗಳ ಜಾಗನೇ ತಪ್ಪು ಅಂತಾನೂ ಆಮೇಲೆ ಗೊತ್ತಾಯ್ತು. 2012ರಿಂದ ಈಚೆಗಿನ 10,000ಕ್ಕೂ ಹೆಚ್ಚು ಕೇಸುಗಳನ್ನ ಮರುಪರಿಶೀಲನೆಗೆ ತೆಗೀಬೇಕಾಯ್ತು, ಎರಡು ತಿಂಗಳು ಮೊಬೈಲ್ ಡೇಟಾವನ್ನ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸೋದನ್ನೇ ನಿಲ್ಲಿಸಿದ್ರು, ಬಂಧನದಲ್ಲಿದ್ದ 32 ಜನರನ್ನ ಬಿಟ್ರು. ಕೋರ್ಟಿನಲ್ಲಿ ಕಂಪ್ಯೂಟರ್ ಪ್ರಿಂಟ್‌ಔಟ್ ಮುಂದೆ ಮನುಷ್ಯನ ಮಾತಿಗೆ ಎಷ್ಟು ತೂಕ ಇರುತ್ತೆ ಅಂತ ಗೊತ್ತಲ್ಲ. ನಾನು ಅಲ್ಲಿರಲಿಲ್ಲ ಅಂತ ಆರೋಪಿ ಹೇಳಿದ್ರೆ ಟವರ್ ಸುಳ್ಳು ಹೇಳುತ್ತಾ ಅಂತ ಕೇಳ್ತಾರೆ. ಹೇಳುತ್ತೆ, ಕೆಲವು ಸಲ.

ಪೊಲೀಸರ ವಾದವನ್ನ ಹಗುರ ಮಾಡಬಾರದು. ಕಾಲ್ ದಾಖಲೆಯಿಂದ ಕೊಲೆಗಾರರು ಸಿಕ್ಕಿದಾರೆ, ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳಲ್ಲಿ ಎಷ್ಟೋ ಸಲ ಐಪಿ ವಿಳಾಸ ಒಂದೇ ಎಳೆ. ಡಬ್ಲಿನ್‌ನಲ್ಲಿ ಒಂದು ಕೊಲೆ ಕೇಸಿನ ಅಪರಾಧಿ, ವೃತ್ತಿಯಲ್ಲಿ ಆರ್ಕಿಟೆಕ್ಟ್, ನನ್ನ ವಿರುದ್ಧ ಬಳಸಿದ್ದು ಅಸಿಂಧು ಕಾನೂನಿನಡಿ ಇಟ್ಟ ಮೊಬೈಲ್ ಡೇಟಾ ಅಂತ ಯುರೋಪಿನ ಕೋರ್ಟಿನವರೆಗೂ ಹೋದ, 2022ರಲ್ಲಿ ಆ ಕೋರ್ಟ್ ಕಾನೂನಿನ ವಿಷಯದಲ್ಲಿ ಅವನ ಪರವಾಗೇ ಹೇಳ್ತು. ಆದ್ರೆ ಶಿಕ್ಷೆ ಮಾತ್ರ ಹಾಗೇ ಉಳೀತು, ಐರ್ಲೆಂಡ್‌ನ ಸುಪ್ರೀಂ ಕೋರ್ಟ್ 2024ರಲ್ಲಿ ಅವನ ಅಪೀಲನ್ನ ತಳ್ಳಿಹಾಕ್ತು. ಕಾನೂನು ಬಿದ್ರೆ ಅಪರಾಧಿಗಳೆಲ್ಲಾ ಹೊರಗೆ ಬರ್ತಾರೆ ಅನ್ನೋ ಹೆದರಿಕೆಗೆ ಇದೊಂದು ಉತ್ತರ. ಇನ್ನೊಂದು ಉತ್ತರ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಕೊಟ್ಟಿದ್ದು, 2010ರಲ್ಲಿ ಅಲ್ಲಿ ರಿಟೆನ್ಶನ್ ನಿಂತ ಮೇಲೆ ಅಪರಾಧ ಪತ್ತೆ ಪ್ರಮಾಣ ಕುಸೀತಾ ಅಂತ ಸರ್ಕಾರವೇ ಮಾಡಿಸಿದ ಅಧ್ಯಯನ, ಅಂಕಿಅಂಶಗಳಲ್ಲಿ ಅಂಥ ಕುಸಿತ ಕಾಣಲ್ಲ ಅಂತ ಬಂತು.

ಬೇರೆ ದಾರಿ ಇಲ್ಲ ಅನ್ನೋದೂ ಸರಿ ಅಲ್ಲ. ಕ್ವಿಕ್ ಫ್ರೀಜ್ ಅಂತಾರೆ, 2001ರ ಬುಡಾಪೆಸ್ಟ್ ಸೈಬರ್ ಅಪರಾಧ ಒಪ್ಪಂದದಲ್ಲೇ ಇದೆ, ಅಪರಾಧ ನಡೆದಿದೆ ಅಂತ ಗೊತ್ತಾದ ತಕ್ಷಣ ಪೊಲೀಸರು ಕಂಪನಿಗೆ ಇಂಥವರ ದಾಖಲೆ ಅಳಿಸಬೇಡಿ ಅಂತ ಆದೇಶ ಕೊಡ್ತಾರೆ, 90 ದಿನದವರೆಗೆ ಅದು ಹಾಗೇ ಇರುತ್ತೆ, ಅಷ್ಟರಲ್ಲಿ ಕೋರ್ಟಿನಿಂದ ಅನುಮತಿ ತಂದು ತೆರೀತಾರೆ. ಅಮೆರಿಕದ ಕಾನೂನಲ್ಲೂ ಇದೇ 90 ದಿನದ ವ್ಯವಸ್ಥೆ ಇದೆ. ಇದರಲ್ಲಿ ಕೊರತೆ ಇಲ್ಲ ಅಂತಲ್ಲ, ಆಗಲೇ ಅಳಿಸಿ ಹೋಗಿರೋದನ್ನ ಫ್ರೀಜ್ ಮಾಡೋಕೆ ಆಗಲ್ಲ, ಹಳೇ ಕೇಸುಗಳಲ್ಲಿ ಪೊಲೀಸರು ಬರಿಗೈಯಲ್ಲಿ ನಿಲ್ತಾರೆ. ಅದು ನಿಜವಾದ ಬೆಲೆ, ಮುಚ್ಚಿಡಬಾರದು. ಆದ್ರೆ ಅನುಮಾನ ಮೊದಲು, ದಾಖಲೆ ಆಮೇಲೆ ಅನ್ನೋ ಕ್ರಮ ಇದರಲ್ಲಿ ಉಳಿಯುತ್ತೆ, ನನಗೆ ಅದೇ ದೊಡ್ಡದು.

ತಪ್ಪು ಮಾಡದೋರಿಗೆ ಏನ್ ಭಯ ಅಂತ ಕೇಳೋರು ಯಾವಾಗಲೂ ಇರ್ತಾರೆ. 2008ರಲ್ಲಿ ಜರ್ಮನಿಯಲ್ಲಿ ಈ ಕಾನೂನನ್ನ ವಿರೋಧಿಸ್ತಿದ್ದ ಗುಂಪು ಒಂದು ಸರ್ವೆ ಮಾಡಿಸಿದಾಗ, ಮಾನಸಿಕ ತಜ್ಞರು, ಮದುವೆ ಕೌನ್ಸೆಲಿಂಗ್, ಡ್ರಗ್ಸ್ ಚಟ ಬಿಡಿಸೋ ಕೇಂದ್ರ ಇಂಥವಕ್ಕೆ ಫೋನ್ ಅಥವಾ ಈಮೇಲ್ ಮಾಡಲ್ಲ ಅಂತ ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ರು. ಸರ್ವೆ ಮಾಡಿಸಿದೋರು ಯಾರು ಅನ್ನೋದನ್ನ ಲೆಕ್ಕಕ್ಕೆ ತಗೊಂಡೇ ಓದಿ, ಆದ್ರೂ ಅವರು ಹಿಂಜರಿತೀವಿ ಅಂದಿರೋ ಕಾಲ್‌ಗಳನ್ನ ನೋಡಿ, ಒಂದೂ ಅಪರಾಧ ಅಲ್ಲ, ಎಲ್ಲಾ ಸಹಾಯ ಕೇಳೋ ಕಾಲ್‌ಗಳು. ಭ್ರಷ್ಟಾಚಾರದ ಬಗ್ಗೆ ಪತ್ರಕರ್ತರಿಗೆ ಸುಳಿವು ಕೊಡ್ಬೇಕು ಅಂತಿರೋ ಗುಮಾಸ್ತ ಕೂಡ ಇದೇ ಸಾಲಿಗೆ ಬರ್ತಾನೆ, ಅವನು ಮಾತಾಡಿದ್ದು ಏನು ಅಂತ ಯಾರಿಗೂ ಬೇಕಾಗಿಲ್ಲ, ಆ ಪತ್ರಕರ್ತರ ನಂಬರ್‌ಗೆ ನಾಲ್ಕು ನಿಮಿಷದ ಒಂದು ಕಾಲ್ ಹೋಗಿದೆ ಅನ್ನೋದೇ ಸಾಕು ಅವನ ಕೆಲಸ ಹೋಗೋಕೆ.

ಕೊನೆಗೆ, ಯಾರೂ ಹೆಚ್ಚು ಮಾತಾಡದ ಒಂದು ಅಂಶ ಇದೆ. ನಿಮ್ಮ ದಾಖಲೆಯನ್ನ ಯಾರಾದ್ರೂ ನೋಡಿದ್ರೆ ನಿಮಗೆ ಗೊತ್ತಾಗುತ್ತಾ? ಟೆಲೆ2 ತೀರ್ಪಿನಲ್ಲಿ ಯುರೋಪಿನ ಕೋರ್ಟ್ ಇದನ್ನೂ ಸೇರಿಸಿತ್ತು, ತನಿಖೆಗೆ ಇನ್ನು ತೊಂದರೆ ಆಗಲ್ಲ ಅನ್ನೋ ಹಂತ ಬಂದ ಕೂಡಲೇ ಸಂಬಂಧಪಟ್ಟವರಿಗೆ ನಿಮ್ಮ ಡೇಟಾ ನೋಡಿದೀವಿ ಅಂತ ತಿಳಿಸ್ಬೇಕು, ಯಾಕಂದ್ರೆ ಗೊತ್ತೇ ಆಗದ ವಿಷಯದ ಮೇಲೆ ಯಾರೂ ಕೋರ್ಟಿಗೆ ಹೋಗೋಕೆ ಆಗಲ್ಲ. ಭಾರತದಲ್ಲಿ ಅಂಥ ನಿಯಮ ಇಲ್ಲ. ಕಳೆದ ಎರಡು ವರ್ಷದ ನಿಮ್ಮ ಸಿಡಿಆರ್ ಯಾವ ಠಾಣೆಗಾದ್ರೂ ಹೋಗಿದೆಯಾ ಅಂತ ಇವತ್ತು ತಿಳ್ಕೋಬೇಕು ಅಂದ್ರೆ ಅದಕ್ಕೆ ಅಂತ ಯಾವ ಅರ್ಜಿ ನಮೂನೆನೂ ಇಲ್ಲ.